ಹಪ್ಪಳ ಕಚ್ಚಿ ನೋಡುವ ಹಮೀದ್ ಸರ್

ಹಮೀದ್ ಸರ್ ಬಾಟಲಿಯ ಮುಚ್ಚಳ ತೆಗೆಯುವ ಮುನ್ನ ಹಪ್ಪಳ ಕಚ್ಚುತ್ತಿದ್ದರು. ಸುಟ್ಟ ಹಪ್ಪಳವನ್ನು ಪ್ರಯೋಗಾಲಯದ ಮೇಜಿನ ಮೇಲೆ ಹತ್ತು ನಿಮಿಷ ಇಟ್ಟು ಕಚ್ಚುವುದು. ಕರುಂ ಅಂದರೆ ಕೆಲಸ ಶುರು. ಮೆತ್ತಗಾಗಿದ್ದರೆ, "ಇವತ್ತು ಬೇಡ ಮಾರಾಯ್ತಿ, ಗಾಳಿಯಲ್ಲಿ ನೀರುಂಟು." ತೇವ ಅಳೆಯುವ ಯಂತ್ರ ಬೇಕೆಂದು ಅವರು ಕೊಟ್ಟ ಅರ್ಜಿಯೂ ಮೂಡುಬಿದಿರೆಯ ನಮ್ಮ ಕಾಲೇಜಿನ ಕಚೇರಿಯಲ್ಲಿ ಹಾಗೆಯೇ ಮೆತ್ತಗಾಗುತ್ತಿತ್ತು.

ನಾವು ಮಾಡುತ್ತಿದ್ದದ್ದು ಪೊಟ್ಯಾಸಿಯಂ ಫೆರೇಟ್. ಪೊಟ್ಯಾಸಿಯಂ, ಕಬ್ಬಿಣ, ಆಮ್ಲಜನಕ ಸೇರಿದ ನೇರಳೆ ಪುಡಿ. ತೇವ ತಾಗಿದರೆ ಕೆಟ್ಟು ತುಕ್ಕಿನ ಬಣ್ಣಕ್ಕಿಳಿಯುತ್ತದೆ. ನನ್ನ ಎಂ.ಎಸ್ಸಿ. ಪ್ರಬಂಧ ನಿಂತಿದ್ದದ್ದು ಆ ಪುಡಿಯ ಮೇಲೆ. ಮುಂಡಾಜೆಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೈಸ್ಕೂಲು ಮುಗಿಸಿದವರೇ ಇಲ್ಲ.

ಸರ್ ಅತಿಥಿ ಉಪನ್ಯಾಸಕರು. ಬಿ.ಸಿ.ರೋಡಿನಲ್ಲಿ ಅವರ ಅಣ್ಣನಿಗೆ ಹಾರ್ಡ್‌ವೇರ್ ಅಂಗಡಿ. ತುಕ್ಕು ಮಾಡಲು ಇಷ್ಟು ಓದಬೇಕಾ, ನಮ್ಮ ಗೇಟು ಓದದೆಯೇ ಮಾಡುತ್ತದಲ್ಲ ಎಂದು ಅಣ್ಣ ತಮಾಷೆ ಮಾಡುತ್ತಿದ್ದರಂತೆ. ಸರ್ ನಮಗೆ ಹೇಳುತ್ತಿದ್ದರು: "ಗೇಟಿನ ಕಬ್ಬಿಣ ಮೂರು ಎಲೆಕ್ಟ್ರಾನ್ ಬಿಟ್ಟು ಸುಮ್ಮನೆ ಕೂತುಬಿಡ್ತದೆ. ನಮ್ಮದು ಆರು ಬಿಡ್ಬೇಕು. ಅಷ್ಟು ಬಿಟ್ಟುಕೊಡುವವರು ನಮ್ಮ ಆಡಳಿತ ಮಂಡಳಿಯಲ್ಲೂ ಇಲ್ಲ."

ಹರಳಿನ ರಚನೆ ನೋಡಲು ಮಂಗಳೂರಿನ ಎಕ್ಸ್‌ರೇ ಯಂತ್ರದಲ್ಲಿ ನಮಗೊಂದು ದಿನ ಸಿಕ್ಕಿತು. ಅದರ ಹಿಂದಿನ ದಿನವೇ ಕಾಲೇಜಿಗೆ ಪರಿಶೀಲನಾ ಸಮಿತಿ ಬಂತು. ಪ್ರಾಂಶುಪಾಲರು ನಮ್ಮ ಬಾಟಲಿಯನ್ನು ಹರಿವಾಣದಲ್ಲಿಟ್ಟು, ತೆರೆಯಬಾರದೆಂದು ಸರ್ ಅಂಟಿಸಿದ್ದ ಚೀಟಿಯ ಮೇಲೆ ಸೇವಂತಿಗೆ ಮಾಲೆ ಸುತ್ತಿಸಿದರು. ಸಮಿತಿಯ ಅಧ್ಯಕ್ಷರು ಮುಚ್ಚಳ ತೆಗೆದು ಇಣುಕುವ ಹೊತ್ತಿಗೆ ಸರಿಯಾಗಿ ಸ್ವಾಗತ ತಂಡ ಪನ್ನೀರು ಚಿಮುಕಿಸಿತು. ಪುಡಿಯಿಂದ ಗುಳ್ಳೆಗಳೆದ್ದವು. ಸಮಿತಿ ಚಪ್ಪಾಳೆ ತಟ್ಟಿತು. ಸಂಜೆಯೊಳಗೆ ಬಾಟಲಿಯಲ್ಲಿ ನೇರಳೆ ಇರಲಿಲ್ಲ. ವರದಿಯಲ್ಲಿ ಮಾತ್ರ 'ಪ್ರಾತ್ಯಕ್ಷಿಕೆ ಶ್ಲಾಘನೀಯ' ಎಂದಿತ್ತು.

ಇಂಟರ್ನೆಟ್‌ನಲ್ಲಿ ಯಾರದ್ದಾದರೂ ಎಕ್ಸ್‌ರೇ ಗ್ರಾಫ್ ಸಿಗುತ್ತದೆ, ಪ್ರಬಂಧಕ್ಕೆ ಅಂಟಿಸಿಬಿಡು ಎಂದು ಪ್ರಾಂಶುಪಾಲರು ಸಮಾಧಾನ ಹೇಳಿದರು. ಸುಳ್ಳು ಯಾಕೆ ಹೇಳಲಿ, ನನಗೂ ಮನಸ್ಸಾಗಿತ್ತು. ಸರ್ ಹೇಳಿದರು: "ನಿನ್ನ ಅಮ್ಮ ಪ್ರಬಂಧ ಓದ್ಲಿಕ್ಕಿಲ್ಲ. ದೇವರ ಫೋಟೋದ ಹತ್ರ ಇಡ್ತಾರೆ. ಅಲ್ಲಿ ಇಡುವಂಥದ್ದೇ ಮಾಡುವ. ನಾನು ಐಸ್ ತರ್ತೇನೆ."

ಪುಡಿಯನ್ನು ಹೊಸದಾಗಿ ಮಾಡಲು ದ್ರಾವಣ ತಣ್ಣಗಿರಬೇಕಿತ್ತು. ಮೀನು ಮಾರ್ಕೆಟಿನ ಐಸನ್ನು ಬಸ್ಸಿನಲ್ಲೇ ತಂದರು. ಇಡೀ ಪ್ರಯೋಗಾಲಯಕ್ಕೆ ಬಂಗುಡೆ ವಾಸನೆ. ಮೂರನೆಯ ಸಲ ನೇರಳೆ ಹರಳು ಇಳಿಯಿತು, ಹಪ್ಪಳವೂ ಕರುಂ ಎಂದಿತು. ಆದರೆ ಯಂತ್ರದ ಸರದಿ ಮತ್ತೆ ಬರಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಆ ಶ್ಲಾಘನೀಯ ವರದಿಗೆ ಚೌಕಟ್ಟು ಹಾಕಿಸಿದ ಆಡಳಿತ ಮಂಡಳಿ ಸರ್ ಅವರ ಗುತ್ತಿಗೆಯನ್ನು ಮುಂದುವರಿಸದೆ ಬಿಟ್ಟಿತ್ತು.

ಗ್ರಾಫ್ ಹಿಡಿದುಕೊಂಡು ನಾನು ಬಿ.ಸಿ.ರೋಡಿನ ಅಂಗಡಿಗೆ ಹೋದೆ. ಸರ್ ಗೇಟಿಗೆ ಬಳಿಯುವ ರೆಡ್ ಆಕ್ಸೈಡಿನ ಡಬ್ಬಿ ತೆರೆದು ಗಿರಾಕಿಗೆ ತೋರಿಸುತ್ತಿದ್ದರು. ಅದೂ ಕಬ್ಬಿಣದ ಆಕ್ಸೈಡೇ, ಮೂರು ಬಿಟ್ಟು ಸುಮ್ಮನೆ ಕೂತದ್ದು. ಗ್ರಾಫನ್ನು ಕೌಂಟರಿನ ಮೇಲೆ ಹರಡಿ, ಒಂದೊಂದೇ ಶಿಖರದ ಮೇಲೆ ಬೆರಳಿಟ್ಟರು. "ನಡುವೆ ಕಬ್ಬಿಣ, ನಾಲ್ಕು ಮೂಲೆಗೆ ಆಮ್ಲಜನಕ. ಸರಿಯಾಗಿ ಕೂತಿದೆ ನೋಡು." ಗಿರಾಕಿ ಬ್ರಶ್ಶಿಗೆಷ್ಟು ಎಂದು ಕೇಳಿದರು. ಸರ್ ಆ ಕಡೆ ತಿರುಗಿದರು.

ಕಾಗದದ ಮೇಲೆ ಅವರ ಬೆರಳಿನ ಕೆಂಪು ಗುರುತು ಉಳಿಯಿತು. ಹೊಸ ಪ್ರತಿ ತೆಗೆಯಬಹುದಿತ್ತು, ತೆಗೆಯದೆ ಅದನ್ನೇ ಪ್ರಬಂಧದೊಳಗೆ ಬೈಂಡ್ ಮಾಡಿಸಿದೆ. ಅಮ್ಮ ಅದನ್ನು ದೇವರ ಫೋಟೋದ ಹತ್ತಿರವೇ ಇಟ್ಟಿದ್ದಾರೆ. ಆ ಪುಟ ತೆರೆದಾಗಲೆಲ್ಲ ಕೆಂಪನ್ನು ಕುಂಕುಮವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ನಾನು ತಿದ್ದಲು ಹೋಗಿಲ್ಲ.