ಗುಡ್ಡದ ಮೇಲೆ ಒಂದು ತಾಸು

ಗದಗಿನಿಂದ ಮುಂಡರಗಿಗೆ ಹೋಗುವಾಗ ಡಂಬಳದ ಆಸುಪಾಸಿನಲ್ಲಿ ಬಲಗಡೆಯ ಕಿಟಕಿಗೆ ಕಪ್ಪತಗುಡ್ಡ ಕಾಣಿಸುತ್ತದೆ. ಮೂವತ್ತೊಂದು ವರ್ಷ ಆ ದಾರಿಯ ಬಸ್ಸುಗಳಲ್ಲಿ ಕಂಡಕ್ಟರನಾಗಿದ್ದ ನಾನು ಒಂದು ಸಲವೂ ಆ ಗುಡ್ಡಕ್ಕೆ ಕಾಲಿಟ್ಟವನಲ್ಲ. ಜನರನ್ನು ಇಳಿಸುವುದಷ್ಟೇ ನನ್ನ ಕೆಲಸವಾಗಿತ್ತು. ಇಳಿದವರು ಎತ್ತ ಹೋಗುತ್ತಾರೆಂದು ನೋಡಲು ಪುರುಸೊತ್ತು ಯಾರಿಗಿತ್ತು? ನಿವೃತ್ತಿಯಾಗಿ ಎರಡು ತಿಂಗಳಾದ ಮೇಲೆ, ಶ್ರಾವಣ ಮುಗಿದ ವಾರ, ಹೆಂಡತಿ ಶಾಂತವ್ವನ ಜೊತೆ ಡೋಣಿಯ ಬಸ್ಸು ಹತ್ತಿದೆ.

ಹತ್ತಿದ್ದು ಒಂದು ಪಂಥಕ್ಕೆ. ಆ ಎರಡು ತಿಂಗಳು ಬೆಟಗೇರಿಯ ನಮ್ಮ ಮನೆಯಲ್ಲಿ ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದೆ. ಬಾಗಿಲಿಗೆ ಹೋಗುವುದು, ಗಡಿಯಾರ ನೋಡುವುದು, ಮತ್ತೆ ಒಳಗೆ ಬರುವುದು. ಅಷ್ಟರಲ್ಲಿ ಲಕ್ಷ್ಮೇಶ್ವರದ ಒಂದು ಶಾಲೆಯವರು ಮಕ್ಕಳ ಬಸ್ಸು ನೋಡಿಕೊಳ್ಳಲು ಕರೆದರು. ಬೆಳಿಗ್ಗೆ ಐದಕ್ಕೇ ಮನೆ ಬಿಡಬೇಕು. ನನಗೆ ಹೋದ ಜೀವ ಬಂದಂತಾಯಿತು. ಶಾಂತವ್ವ ನಾಲ್ಕು ದಿನ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಐದನೆಯ ದಿನ ರೊಟ್ಟಿ ಬಡಿಯುತ್ತ ಬಾಯಿಬಿಟ್ಟಳು.

"ನಾ ಬ್ಯಾಡ ಅನ್ನೂದಿಲ್ರಿ. ಆದ್ರ ಆ ಕಪ್ಪತಗುಡ್ಡದ ಮ್ಯಾಲೆ ನನ್ನ ಕೂಡ ಒಂದ್ ತಾಸು ಸುಮ್ನ ಕುಂತು ತೋರಿಸ್ರಿ. ಏಳಬಾರ್ದು, ಅಡ್ಡಾಡಬಾರ್ದು. ಕುಂತ್ರ ನೌಕರಿಗೆ ಹೋಗ್ರಿ. ಎದ್ರ ಮನ್ಯಾಗ ಇರ್ರಿ."

"ಇಷ್ಟ ಹೌದಲ್ಲೊ?" ಎಂದು ನಕ್ಕೆ.

ಬಸ್ಸಿನಲ್ಲಿ ಅವಳಿಗೆ ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟ್ಟು, ನನಗೆ ಮೂವತ್ತೆರಡು ರೂಪಾಯಿ. "ಇಷ್ಟ್ ವರ್ಷ ಮಂದಿಗೆ ಹರದು ಕೊಟ್ರಿ, ಇವತ್ತ ನೀವೂ ತಗೊಳ್ರಿ," ಎಂದು ಕಿಚಾಯಿಸಿದಳು. ಸೀಟು ಖಾಲಿಯಿದ್ದರೂ ನಾನು ಬಾಗಿಲ ಬಳಿ ಕಂಬ ಹಿಡಿದು ನಿಂತೇ ಬಂದೆ. ಡಂಬಳ ದಾಟುವುದರೊಳಗೆ ಎರಡು ಸಲ ತಲೆ ಎಣಿಸಿದ್ದೆ. ಹೊಸ ಹುಡುಗ ಕಂಡಕ್ಟರು ನನ್ನನ್ನು ಓರೆಗಣ್ಣಿನಿಂದ ನೋಡುತ್ತಿದ್ದ.

ಡೋಣಿಯಲ್ಲಿ ಇಳಿದು ಶೇಂಗಾ ಹೊಲಗಳ ನಡುವಿನ ಬಂಡಿದಾರಿ ಹಿಡಿದೆವು. ಹತ್ತಬೇಕೆಂದಿದ್ದದ್ದು ದೊಡ್ಡ ಗುಡ್ಡವನ್ನಲ್ಲ, ಅದರ ಸೆರಗಿನಲ್ಲಿದ್ದ ಒಂದು ಸಣ್ಣ ದಿಬ್ಬವನ್ನು. ಮರಗಳಿಲ್ಲ, ಬರೀ ಹುಲ್ಲು. ಮಳೆ ಕುಡಿದು ಸೊಂಟದವರೆಗೆ ಬೆಳೆದಿತ್ತು. ಕೆಲವು ಕಡೆ ತುಳಿದರೆ ನಿಂಬೆಹಣ್ಣಿನ ವಾಸನೆ ಬರುತ್ತಿತ್ತು. ನಡುನಡುವೆ ಹಳದಿ ತಂಗಡಿ ಹೂ. ಗಾಳಿ ಮಾತ್ರ ಒಂದೇ ಸಮನೆ ಬೀಸುತ್ತ ನನ್ನ ಟೊಪ್ಪಿಗೆ ಎರಡು ಸಲ ಹಾರಿಸಿತು. ನಾನು ಬಸ್ಸು ತಪ್ಪುತ್ತದೆಂಬಂತೆ ದಾಪುಗಾಲು ಹಾಕುತ್ತಿದ್ದೆ, ಹಿಂತಿರುಗಿ ನೋಡಿದಾಗಲೆಲ್ಲ ಶಾಂತವ್ವ ಬಗ್ಗಿ ಯಾವುದೋ ಗಿಡ ಮೂಸುತ್ತಿದ್ದಳು.

ಅರ್ಧ ದಾರಿಯಲ್ಲಿ ಕುರಿ ಕಾಯುವ ಮುದುಕನೊಬ್ಬ ಸಿಕ್ಕ. "ಎಲ್ಲಿಗ್ರಿ ಸಾವಕಾರ್ರ?"

"ಮ್ಯಾಲೆ. ಕುಂಡ್ರಾಕ."

"ಕುಂಡ್ರಾಕ ಇಷ್ಟ್ ದೂರ? ಮನಿ ಮುಂದ ಕಟ್ಟಿ ಇಲ್ಲೇನ್ರಿ?"

"ಕಟ್ಟಿ ಐತಪಾ, ಇವ್ರು ಅದರ ಮ್ಯಾಲೆ ಕುಂಡ್ರೂದಿಲ್ಲ," ಎಂದಳು ಶಾಂತವ್ವ. ಮುದುಕ ಬಿದ್ದು ಬಿದ್ದು ನಕ್ಕ. ನನಗೆ ಸಿಟ್ಟೇ ಬಂತು.

ತುದಿ ಮುಟ್ಟಿದಾಗ ಒಂದು ಗಂಟೆ. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡೆವು. ಕೈ ತೊಳೆದದ್ದೇ ನಾನು ಗಡಿಯಾರ ನೋಡಿ, "ಶುರು," ಎಂದೆ. ಹನ್ನೆರಡು ನಿಮಿಷಕ್ಕೆ ಟಿಟ್ಟಿಭ ಹಕ್ಕಿಯೊಂದು ಅರಚುತ್ತ ಹಾರಿತು, ಅದರ ಮೊಟ್ಟೆ ಎಲ್ಲಿರಬಹುದೆಂದು ನೋಡಲು ನಾನು ಎದ್ದೇಬಿಟ್ಟಿದ್ದೆ. "ಇದನ್ನ ಬಿಟ್ಟು ಕೊಟ್ಟೇನ್ರಿ. ಮತ್ತ ಮೊದಲಿಂದ," ಎಂದಳು. ಎರಡನೆಯ ಸಲ ಮುಕ್ಕಾಲು ತಾಸು ತಡೆದೆ. ಬೆನ್ನು ತುರಿಸಿತು, ಕಾಲು ಕುಣಿಯಿತು. ಕೆಳಗೆ ಮೋಡದ ನೆರಳು ಹೊಲದಿಂದ ಹೊಲಕ್ಕೆ ಸರಿಯುವುದನ್ನು ಕೂಡ ನಾನು ಸ್ಟಾಪಿನಿಂದ ಸ್ಟಾಪಿಗೆ ಎಣಿಸುತ್ತಿದ್ದೆ. ಜಿನುಗು ಮಳೆ ಬಂತು, ನನಗೆ ಅದೇ ನೆವ ಸಾಕಾಯಿತು, ಎದ್ದೆ. "ಮಳಿ ನಂದಲ್ಲಾ," ಎಂದು ವಾದಿಸಿದೆ. "ಆತು, ಇದ ಕಡೀದು," ಎಂದಳು.

ಮಳೆ ನಿಂತು, ಬಂಡೆ ಆರಿ, ಮೂರನೆಯ ಸಲ ಕೂತಾಗ ಮೂರೂವರೆ. ಕಾಲು ಚಾಚಿ ಬಂಡೆಗೆ ಒರಗಿದೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು, ಮುಖಕ್ಕೆ ಸೆರಗು ಮುಚ್ಚಿಕೊಂಡು ಅಡ್ಡಾದಳು. ಸ್ವಲ್ಪ ಹೊತ್ತಿಗೆ ಗಾಳಿ ಸೆರಗು ಸರಿಸಿತು. ಅವಳಿಗೆ ಗಾಢ ನಿದ್ದೆ. ಬಾಯಿ ಅರೆ ತೆರೆದಿತ್ತು.

ನಾನು ಆ ಮುಖ ನೋಡಿದೆ. ಗುರುತು ಹತ್ತದ ಮುಖ ನೋಡಿದ ಹಾಗಾಯಿತು. ಮೊದಲ ಬಸ್ಸಿನ ಪಾಳಿಯಿದ್ದ ದಿನ ಮೂರೂವರೆಗೇ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಕೊನೆಯ ಬಸ್ಸಿನ ದಿನ ನಾನು ಬರುವವರೆಗೆ ಕಾಯುತ್ತಿದ್ದಳು. ಹಳ್ಳಿಯಲ್ಲಿ ರಾತ್ರಿ ತಂಗುವ ವಸ್ತಿ ಬಸ್ಸಿನಲ್ಲಿ ಮಲಗಿದ್ದರೆ ನನಗೆ ಅವಳ ಸುದ್ದಿಯೇ ಇಲ್ಲ. ಮದುವೆಯಾದಾಗಿನಿಂದ ಅವಳು ನಿದ್ದೆ ಮಾಡುವುದನ್ನು ನಾನು ಗಮನವಿಟ್ಟು ನೋಡಿಯೇ ಇರಲಿಲ್ಲ. ಶಾಲೆಯ ಬಸ್ಸು ಬೆಳಿಗ್ಗೆ ಐದಕ್ಕೆ ಅಂದರೆ ರೊಟ್ಟಿ ಮತ್ತೆ ಮೂರೂವರೆಗೆ ಎಂಬುದು ಶಾಲೆಯವರು ಕರೆದ ಮೇಲಿನ ಈ ಎಂಟು ದಿನದಲ್ಲಿ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬಹಳ ನಾಚಿಕೆಯಾಯಿತು.

ನಾಲ್ಕೂ ಇಪ್ಪತ್ತಕ್ಕೆ ಕೆಳಗೆ ಹಾರ್ನು ಕೇಳಿತು. ಗದಗಿಗೆ ನೇರ ಹೋಗುವ ಕೊನೆಯ ಬಸ್ಸು ಊರಿನ ಮುಂದೆ ತಿರುಗಿಸಿ ನಿಂತಿತ್ತು. ಕೈ ತಾನೇ ತಾನಾಗಿ ಅಂಗಿಯ ಕಿಸೆಯಲ್ಲಿ ಸೀಟಿ ಹುಡುಕಿತು. ಅವಳನ್ನು ಎಬ್ಬಿಸಿ ಓಡಿದ್ದರೆ, ಕೂಗಿ ಕೈ ಬೀಸಿದ್ದರೆ ಬಸ್ಸು ಸಿಗುತ್ತಿತ್ತೋ ಏನೋ. ನಾನು ಅಲುಗಾಡಲಿಲ್ಲ. ಬಸ್ಸು ಹೋಯಿತು. ನಾಲ್ಕೂವರೆಯೂ ಆಯಿತು, ನಾನು ಪಂಥ ಗೆದ್ದಿದ್ದೆ. ಅವಳಿಗೆ ಎಚ್ಚರವಾದದ್ದು ಐದಕ್ಕೆ.

"ಅಯ್ಯ, ತಾಸು ಆತೇನ್ರಿ?"

"ಎಲ್ಲೀದು! ಹಾರ್ನ್ ಕೇಳಿದ್ ಕೂಡ್ಲೆ ನಿನ್ನ ತಲಿಗೆ ಟವೆಲ್ ಇಟ್ಟು ಎದ್ದುಬಿಟ್ಟಿದ್ದೆ. ಬಸ್ಸೂ ಹೋತು, ಪಂಥಾನೂ ಹೋತು. ಸೋತೆ."

"ನನಗ ಗೊತ್ತಿತ್ತು," ಎಂದು ಕೂದಲಿನ ಹುಲ್ಲು ಕೊಡವಿಕೊಂಡು ಎದ್ದಳು. ನಾನೂ ಎದ್ದೆ, ಎದ್ದವನೇ ಹುಲ್ಲಿನೊಳಗೆ ಕುಸಿದೆ. ಬಲಗಾಲು ಜೋಮು ಹಿಡಿದು ಮರದ ಕೊರಡಾಗಿತ್ತು.

ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಎದ್ದು ಅಡ್ಡಾಡಿದ ಕಾಲು ಹಿಂಗ್ಯಾಕ ಜೋಮು ಹಿಡೀತ್ರಿ?"

ನಾನು ತಲೆ ತಗ್ಗಿಸಿ ಕಾಲು ತಿಕ್ಕಿಕೊಂಡೆ. ಅವಳು ಬಗ್ಗಿ ಹೆಗಲು ಕೊಟ್ಟಳು.

ಡೋಣಿಯಿಂದ ಡಂಬಳಕ್ಕೆ ಟಂಟಂ ಆಟೋದಲ್ಲಿ ಇಕ್ಕಟ್ಟಾಗಿ ಬಂದೆವು. ಅಲ್ಲಿ ಮುಂಡರಗಿಯಿಂದ ಗದಗಿಗೆ ಹೋಗುವ ಬಸ್ಸು ಸಿಕ್ಕಿತು. ಈ ಸಲ ನಾನು ಸೀಟಿನಲ್ಲಿ ಕೂತೆ, ಕಾಲು ಮಾತ್ರ ಆಗಲೇ ಕುಣಿಯತೊಡಗಿತ್ತು. ಊರು ದಾಟುವ ಮೊದಲೇ ಶಾಲೆಯವರಿಗೆ ಫೋನು ಹಚ್ಚಿದೆ.

"ನೌಕರಿ ಆಗೂದಿಲ್ರಿ ಸರ್. ಮುಂಜಾನೆ ಐದಕ್ಕ ಅಂದ್ರ ಆಗೂದಿಲ್ಲ."

"ಯಾಕ್ರಿ, ನಿಮಗೇನು ಹೊಸಾದೇನು ಅದು?"

"ನನಗ ಹೊಸಾದಲ್ರಿ. ಆ ಹೊತ್ತಿಗೆ ನಮ್ಮ ಮನಿಯವ್ರು ಮಲಗಿರ್ತಾರ್ರಿ."

ಶಾಂತವ್ವ ಮುಖವನ್ನು ಕಿಟಕಿಗೆ ತಿರುಗಿಸಿದಳು. ಗುಡ್ಡ ಈಗ ಎಡಗಡೆಗೆ ಬಂದಿತ್ತು. ನಾವು ಕೂತ ದಿಬ್ಬ ಯಾವುದೆಂದು ನನಗೆ ತಿಳಿಯಲಿಲ್ಲ. ಅವಳು ಬೆರಳು ಮಾಡಿ ತೋರಿಸಿದಳು, ಆದರೆ ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.