ತೆಲಸಂಗದಲ್ಲಿ ಇಲ್ಲದ ತೆಲಸಂಗ ಮನೆತನ

“ತೆಲಸಂಗ ಅನ್ನೋ ಅಡ್ಡಹೆಸರಿನವರು ಈ ಊರಾಗ ಒಬ್ಬರೂ ಇಲ್ಲರಿ,” ಎಂದು ಆ ಅಜ್ಜ ಬಶಿಗೆ ಚಹಾ ಸುರಿದುಕೊಳ್ಳುತ್ತ ಹೇಳಿದಾಗ ನನಗೆ ಸಿಟ್ಟೇ ಬಂತು. ತೊಂಬತ್ತರ ದಶಕದ ಆರಂಭದಲ್ಲಿ, ಅಥಣಿ ತಾಲ್ಲೂಕಿನ ತೆಲಸಂಗದ ಚಹಾದಂಗಡಿಯಲ್ಲಿ ನಡೆದ ಮಾತಿದು. ನನ್ನ ಅಡ್ಡಹೆಸರು ತೆಲಸಂಗ. ಊರೇ ನಮ್ಮದಿತ್ತು, ಅದಕ್ಕೇ ಊರಿನ ಹೆಸರು ನಮಗೆ ಬಂತು ಎಂದು ಅಪ್ಪ ನಾವಿದ್ದ ನಿಪ್ಪಾಣಿಯ ಪ್ರತಿ ಮದುವೆ ಊಟದಲ್ಲೂ ಹೇಳುತ್ತಿದ್ದರು. ಅರಮನೆಯಂಥ ನಮ್ಮ ಹಳೆಯ ವಾಡೆ ನೋಡಿಕೊಂಡು ಬಾ ಎಂದು ಕಳಿಸಿದವರೂ ಅವರೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾಲೀಕನ ಗತ್ತಿನಲ್ಲೇ ಬಸ್ಸಿಳಿದಿದ್ದೆ.

“ಹಂಗಾದ್ರ ನಾವು ಯಾರ್ರಿ?” ಎಂದೆ.

“ಊರು ಬಿಟ್ಟು ಹೋದವರ್ರಿ. ಇಲ್ಲಿ ಎಲ್ಲಾರೂ ತೆಲಸಂಗದವರ, ಯಾರಿಗಂತ ಆ ಹೆಸರು ಇಡೋದು? ನೀವು ಹೋದ ಊರಿನ ಮಂದಿ ನಿಮ್ಮ ಗುರ್ತಿಗೆ ಇಟ್ಟಾರ. ವಾಡೆ ಇದ್ದಿದ್ರ ಯಾಕ ಬಿಟ್ಟು ಹೋಗ್ತಿದ್ರಿ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸೇಡಿಗೆಂದು ಅಜ್ಜನ ಅಡ್ಡಹೆಸರು ಕೇಳಿದೆ.

“ಐನಾಪುರ,” ಎಂದ, ಚೂರೂ ನಾಚದೆ. “ನಮ್ಮ ಮುತ್ಯಾನೂ ಅಲ್ಲಿಂದ ಬರಿಗೈಲೆ ಬಂದಾಂವ ರೀ.”

ಮುಂದಿನ ಮದುವೆ ಊಟದಲ್ಲಿ ಅಪ್ಪ ಮತ್ತೆ ತೆಲಸಂಗವೇ ನಮ್ಮದಿತ್ತು ಎಂದು ಶುರು ಮಾಡಿದರು. ಪಕ್ಕದ ಎಲೆಯ ರಾಯಬಾಗಕರರು ಇಡೀ ರಾಯಬಾಗವೇ ತಮ್ಮದಿತ್ತು ಎಂದರು. ಇಷ್ಟೆಲ್ಲ ಊರುಗಳ ಒಡೆಯರು ನಿಪ್ಪಾಣಿಯ ಬಾಡಿಗೆ ಮನೆಗಳಲ್ಲಿ ಏನು ಮಾಡುತ್ತಿದ್ದಾರೆ ಎಂದು ನಾನು ಕೇಳಲಿಲ್ಲ, ಹೋಳಿಗೆ ಬಿಸಿಯಾಗಿತ್ತು.