ಬೋರಣ್ಣನ ಮುಷ್ಟಿ

ಶುಕ್ರವಾರ ಬಂತೆಂದರೆ ಹೊಸಕೆರೆಹಳ್ಳಿಯ ನೀಲಗಂಗಮ್ಮನ ಟೀ ಅಂಗಡಿ ಮುಂದೆ ಮಧ್ಯಾಹ್ನದ ಮೇಲೆ ಒಂದು ಗುಂಪು ಸೇರುತ್ತಿತ್ತು. ಬೋರಣ್ಣ ಹೊಸ ಸಿನಿಮಾದ ಬೆಳಗಿನ ಮೊದಲ ಆಟ ಮುಗಿಸಿಕೊಂಡು ಬನಶಂಕರಿ ಕಡೆಯಿಂದ ಬರುವ ಹೊತ್ತು ಅದು. ಬಂದವನು ಮೊದಲು ಬಾಯಿ ಬಿಡುತ್ತಿರಲಿಲ್ಲ. ಎರಡು ಅಂಗೈಗಳನ್ನೂ ಗಸಗಸ ಉಜ್ಜಿ, ಬಾಯಿ ಹತ್ತಿರ ತಂದು ಉಫ್ ಎಂದು ಊದುತ್ತಿದ್ದ. ಊದಿದ ಮೇಲೆ ಬರಿಗೈ ತೋರಿಸಿದರೆ ಆ ಸಿನಿಮಾ ಜೊಳ್ಳು. ಮುಷ್ಟಿ ಕಟ್ಟಿದರೆ ಕಾಳಿದೆ ಎಂದರ್ಥ. ಸಂಜೆ ಆಟಕ್ಕೆ ಹೆಂಗಸರು ಮಕ್ಕಳನ್ನು ಕರೆದುಕೊಂಡು ಧೈರ್ಯವಾಗಿ ಹೊರಡಬಹುದು.

ರಾಗಿ ಬೆಳೆಯುತ್ತಿದ್ದ ಕಾಲದಿಂದ ಅಂಟಿಕೊಂಡು ಬಂದದ್ದು ಈ ಅಭ್ಯಾಸ. ಕೊಯ್ಲಿಗೆ ಮುಂಚೆ ಒಂದು ತೆನೆ ಮುರಿದು ಅಂಗೈಯಲ್ಲಿ ಉಜ್ಜಿ ಊದಿದರೆ ಹೊಟ್ಟು ಹಾರಿ, ಕಾಳು ಎಷ್ಟು ನಿಂತಿದೆ ಎಂದು ತಿಳಿಯುತ್ತದೆ. ಅವನ ಹೊಲದ ಮೇಲೆ ಈಗ ರಿಂಗ್ ರೋಡಿನ ಬಸ್ಸುಗಳು ಓಡುತ್ತವೆ. ಉಳಿದ ತುಂಡು ಜಾಗದಲ್ಲಿ ಮನೆ ಕಟ್ಟಿ, ಹಿಂದಿನ ಭಾಗವನ್ನು ಬಾಡಿಗೆಗೆ ಬಿಟ್ಟುಕೊಂಡು, ಹೆಂಡತಿ ಅಕ್ಕಯಮ್ಮನೊಂದಿಗೆ ಇದ್ದಾನೆ. ರಾಗಿ ಹೋಯಿತು, ಕೈ ಉಜ್ಜುವುದು ಉಳಿಯಿತು.

ಸಿನಿಮಾಕ್ಕೆ ಅವನ ಜೊತೆ ಯಾವಾಗಲೂ ಸೀನು. ಪಕ್ಕದ ಹೊಲದವನು. ಊರಾಚೆ ಟೆಂಟು ಹಾಕುತ್ತಿದ್ದ ಕಾಲದಲ್ಲಿ, ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಅಕ್ಕಪಕ್ಕ ಕೂತು ನೋಡಿದವರು ಇಬ್ಬರೂ. ಕುರ್ಚಿ ಬಂದವು, ಬಾಲ್ಕನಿ ಬಂತು, ಜೆಪಿ ನಗರದಲ್ಲಿ ಮಲಗಿಕೊಂಡು ನೋಡುವ ಸೋಫಾ ಬಂತು. ಇವರು ಅಕ್ಕಪಕ್ಕ ಕೂರುವುದು ಮಾತ್ರ ಬದಲಾಗಲಿಲ್ಲ. ಸೀನು ಎಲ್ಲ ಸಿನಿಮಾಕ್ಕೂ ಅಳುತ್ತಿದ್ದ. ಬೋರಣ್ಣ ಎಲ್ಲ ಸಿನಿಮಾಕ್ಕೂ ಬೈಯುತ್ತಿದ್ದ.

ಈಚಿನ ವರ್ಷಗಳಲ್ಲಿ ಆ ಬೈಗುಳದಲ್ಲಿ ತಮಾಷೆ ಕಡಿಮೆಯಾಗಿತ್ತು. ವಾರವಾರವೂ ಬರಿಗೈಯೇ ತೋರಿಸಬೇಕಾಗಿ ಬಂದಿತ್ತು.

“ಎಲ್ಲಾರೂ ಗಡ್ಡ ಬಿಟ್ಟವ್ರೆ ಕಣ್ರಯ್ಯ,” ಎನ್ನುತ್ತಿದ್ದ ಟೀ ಹೀರುತ್ತ. “ಹೀರೋ ಯಾವನು, ಕೇಡಿ ಯಾವನು, ಒಂದೂ ತಿಳಿಯಕಿಲ್ಲ. ಪಿಚ್ಚರ್ ತುಂಬಾ ಕತ್ಲೆ, ಫ್ಯೂಜ್ ಹೋದ ಮನೆ ಇದ್ದಂಗೆ. ಆವಯ್ಯ ಕಾರಿನ ಬಾಗ್ಲು ತಗದು ಕಾಲು ಕೆಳಗಿಡೋ ಹೊತ್ಗೆ ನಾನೊಂದು ನಿದ್ದೆ ತಗದೆ.”

“ಫೈಟು ಹೆಂಗೈತೆ ಅಂಕಲ್?”

“ಅಷ್ಟು ಜನಾನ ಒಬ್ನೇ ಕೊಚ್ಚಾಕ್ತಾನೆ. ಸತ್ತೋರ ಮನೇಲಿ ಯಾರಾದ್ರೂ ಅತ್ರಾ ಅಂತ ತೋರ್ಸಿದ್ರಾ? ಇಲ್ಲ. ಕೊನೇಗೆ ಏನಾಯ್ತು ಅಂತ ಬಗ್ಗಿ ನೋಡಿದ್ರೆ, ಮುಂದಿಂದು ಎರಡನೇ ಭಾಗದಲ್ಲಿ ನೋಡಿ ಅಂತಾವ್ರೆ. ಅನ್ನ ಸಾರು ಬಡಿಸ್ಬುಟ್ಟು, ಮಜ್ಜಿಗೆಗೆ ಬರೋ ವರ್ಷ ಬನ್ನಿ ಅಂದಂಗಾಯ್ತು.”

ಜನ ನಗುತ್ತಿದ್ದರು. ಬೋರಣ್ಣ ನಗುತ್ತಿರಲಿಲ್ಲ. ಥಿಯೇಟರ್ ಬಾಗಿಲಲ್ಲಿ ಮೈಕ್ ಹಿಡಿದು ಕಾಯುವ ಮೊಬೈಲ್ ಚಾನೆಲ್ಲಿನ ಹುಡುಗರೂ ಇವನನ್ನು ಕಂಡುಕೊಂಡಿದ್ದರು. ಯುವರಾಜ್ ಎಂಬವನು ಪ್ರತಿ ಶುಕ್ರವಾರ ಇವನ ಬರಿಗೈಯನ್ನು ವಿಡಿಯೋದಲ್ಲಿ ಹಿಡಿದು ಊರೂರಿಗೆ ಹಂಚುತ್ತಿದ್ದ. ಗಿರಿನಗರದಲ್ಲೂ ಬಿಟಿಎಂನಲ್ಲೂ ಜನ ಬೋರಣ್ಣ ಊದಿದ ಮೇಲೇ ಟಿಕೆಟ್ ಬುಕ್ ಮಾಡುವ ಹಾಗಾಗಿತ್ತು.

ಹೀಗಿರುವಾಗ ಸೀನುವಿನ ಮಗ ಲಿಖಿತ್ ಹೀರೋ ಆದ. ಕೆರೆ ಪಕ್ಕದ ಸೈಟು ಮಾರಿ ಅಪ್ಪನೇ ಪ್ರೊಡ್ಯೂಸರ್ ಆದ. ಬಿಡುಗಡೆಯ ಹಿಂದಿನ ದಿನ ಸೀನು ಬೋರಣ್ಣನ ಜಗಲಿಗೆ ಬಂದು ಕೂತ.

“ನಂಗೆ ಇನ್ನುಳಿದಿರೋದು ಮನೆಯೊಂದೇ ಕಣ್ಲಾ. ಡೈರೆಕ್ಟ್ರು ಎರಡನೇ ಭಾಗಕ್ಕೆ ಅದನ್ನ ಹಾಕು ಅಂತಾವ್ನೆ. ನಾಳೆ ನೀನು ನೋಡು. ಕಾಳೈತೆ ಅಂದ್ರೆ ಮನೆ ಕೊಡ್ತೀನಿ. ಜೊಳ್ಳು ಅಂದ್ರೆ ಆ ನನ್ಮಗನ್ನ ಎಳ್ಕಂಡ್ ಬಂದು ಒಂದು ಸಿಮೆಂಟ್ ಅಂಗಡಿ ಹಾಕ್ಕೊಟ್ಟು ಕೂರಿಸ್ತೀನಿ.”

“ನಾನು ಹೇಳಿದ್ರೆ ತಡ್ಕತೀಯೇನ್ಲಾ?”

“ಬೇರೆ ಯಾವನು ಹೇಳಿದ್ರೂ ತಡ್ಕಳಲ್ಲ. ನಿನ್ನಷ್ಟು ಚೆನ್ನಾಗಿ ಬೈಯೋರು ಯಾರವ್ರೆ?”

ಮರುದಿನ ಊರಿಗೆ ಊರೇ ಬಸ್ಸು ಮಾಡಿಕೊಂಡು ಹೋಯಿತು. ಥಿಯೇಟರ್ ಮುಂದೆ ಲಿಖಿತನ ಕಟೌಟು, ಅದಕ್ಕೆ ಆಳೆತ್ತರದ ಹಾರ, ತಮಟೆ. ಒಳಗೆ ಕತ್ತಲಾದ ಮೇಲೆ ಬೋರಣ್ಣ ಕಣ್ಣು ಕಿರಿದು ಮಾಡಿ ನೋಡಿದ. ತಾನು ಟೀ ಅಂಗಡಿಯಲ್ಲಿ ಬೈದದ್ದೆಲ್ಲ ಒಂದೂ ಬಿಡದೆ ಅಲ್ಲಿತ್ತು. ಗಡ್ಡವಿತ್ತು, ಕತ್ತಲಿತ್ತು, ಮಚ್ಚಿತ್ತು. ಲಿಖಿತ್ ಒಳ್ಳೆಯ ಹುಡುಗ, ಸೌದೆ ಒಡೆಯಲು ಹೇಳಿದರೂ ಇಲ್ಲವೆನ್ನದವನು. ಆದರೆ ತಾಯಿ ಸತ್ತ ದೃಶ್ಯದಲ್ಲಿ ಅವನು ಅಳುವುದು ಆಕಳಿಸಿದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಸೀನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಎಂದಿನಂತೆ ಬೈಯಲು ಬಾಯಿ ತೆರೆದ ಬೋರಣ್ಣ, ಹೆಗಲ ಮೇಲಿನ ಟವೆಲು ತೆಗೆದು ಅವನ ಕೈಗಿಟ್ಟ.

ಹೊರಗೆ ಬಂದಾಗ ಯುವರಾಜ್ ಮೈಕನ್ನು ಮೂಗಿನ ಹತ್ತಿರಕ್ಕೇ ಹಿಡಿದ. “ಬೋರಣ್ಣ, ಹೇಳ್ಬಿಡಿ ಅಣ್ಣ! ಕಾಳಾ, ಜೊಳ್ಳಾ?”

ತಮಟೆ ನಿಂತಿತು. ಯುವರಾಜನ ಭುಜದ ಹಿಂದೆ ಸೀನು ನಿಂತಿದ್ದ, ಹೊಸ ಜರಿ ಪಂಚೆಯುಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು. ಅವನ ಹೆಂಡತಿ ಅಮ್ಮಣ್ಣಿ ಸ್ಟೀಲ್ ಡಬ್ಬಿಯಿಂದ ಬಂದವರಿಗೆಲ್ಲ ಲಾಡು ಕೊಡುತ್ತಿದ್ದಳು. ನಮ್ಮ ಕಡೆ ಒಂದು ಪದ್ಧತಿ ಉಂಟು. ಯಾರದೇ ಮನೆಯ ಶುಭಕಾರ್ಯಕ್ಕೆ ಹೋಗಲಿ, ಎಲೆ ಮುಂದೆ ಕೂತು ಅಡುಗೆಯನ್ನು ಹಳಿಯುವುದಿಲ್ಲ. ಉಪ್ಪು ಜಾಸ್ತಿಯಾಗಿದ್ದರೆ ಚಪ್ಪರ ಬಿಚ್ಚಿದ ಮೇಲೆ ಹೇಳುತ್ತಾರೆ. ಲಾಡು ಕೈಗೆ ಬಂದ ಕೂಡಲೇ ಬೋರಣ್ಣನಿಗೆ ಅದು ಥಿಯೇಟರ್ ಎನ್ನುವುದು ಮರೆತುಹೋಯಿತು. ನಾಳೆ ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡ. ಲಾಡನ್ನು ಜೇಬಿಗೆ ಹಾಕಿ ಕೈ ಉಜ್ಜಿದ, ಊದಿದ, ಮುಷ್ಟಿ ಕಟ್ಟಿದ.

ಸೀನು ಜನರನ್ನು ತಳ್ಳಿಕೊಂಡು ಬಂದು ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ.

ಸಂಜೆ ಅಕ್ಕಯಮ್ಮ ಮುದ್ದೆ ಬಡಿಸುತ್ತ ಕೇಳಿದಳು. “ಕಾಳೈತೆ ಅಂದ್ಯಂತೆ?”

“ಹೂಂ.”

“ಐತಾ?”

“ಇಲ್ಲ ಕಣೆ. ಅಷ್ಟು ಜನದ ಎದುರಿಗೆ ಹೆಂಗಂದೇನು? ನಾಳೆ ಹೇಳ್ತೀನಿ.”

“ನಾಳೆ ಯಾಕೆ? ಕೈ ತೊಳ್ಕಂಡು ಈಗ್ಲೇ ಎದ್ದೋಗು. ಆವಪ್ಪ ನಿನ್ನ ಕೈ ನಂಬ್ಕಂಡು ಕೂತವ್ನೆ.”

ಬೋರಣ್ಣ ಹೋಗಲಿಲ್ಲ. ಮರುದಿನ ಸೀನುವಿನ ಮನೆ ತುಂಬ ನೆಂಟರಿದ್ದರು. ಅದರ ಮರುದಿನ ದೇವರಿಗೆ ಹರಕೆ ತೀರಿಸಲು ಹೋಗಿದ್ದರು. ಮೂರನೆಯ ದಿನ ಇವನೇ ನೆಗಡಿಯ ನೆವ ಹೇಳಿ ಮಲಗಿದ. ಅಷ್ಟರಲ್ಲಿ ಸಿನಿಮಾಕ್ಕೆ ಹೊರಗಿನ ಜನ ಬರುವುದು ನಿಂತಿತ್ತು. ಇವನ ಮಾತು ನಂಬಿ ಹೋಗಿಬಂದವರು ಟೀ ಅಂಗಡಿಯಲ್ಲಿ ನೇರವಾಗಿಯೇ ಕೇಳಿದರು: “ಏನ್ ಗುರು, ಫ್ರೆಂಡ್ ಮಗ ಅಂತ ಸಖತ್ತಾಗಿ ಮುಷ್ಟಿ ಕಟ್ಬಿಟ್ಟೆ?” ಬೋರಣ್ಣ ತಲೆ ತಗ್ಗಿಸಿ ಗ್ಲಾಸು ಇಟ್ಟು ಎದ್ದ. ಎದ್ದವನು ಬಸ್ ಸ್ಟಾಪಿನ ಹತ್ತಿರ ನಿಂತುಬಿಟ್ಟ. ಕಂಬಕ್ಕೆ ಹೊಸ ಫ್ಲೆಕ್ಸ್ ಕಟ್ಟಿದ್ದರು. ಲಿಖಿತನ ಗಡ್ಡದ ಮುಖ, ಅದರ ಮೇಲೆ ‘ಭಾಗ ಎರಡು’ ಎಂಬ ಅಕ್ಷರ, ಕೆಳಗೆ ಕುಂಬಳಕಾಯಿ ಗಾತ್ರದಲ್ಲಿ ಬೋರಣ್ಣನದೇ ಮುಷ್ಟಿ. ಬೆರಳ ಸಂದಿಯ ಗಾಯದ ಗುರುತೂ ಕಾಣುತ್ತಿತ್ತು.

ಅಲ್ಲಿಂದ ಸೀದಾ ಸೀನುವಿನ ಮನೆಗೆ ಹೋದ. ಕೂರಲಿಲ್ಲ.

“ಸೀನು, ಆ ಪಿಚ್ಚರ್ ಜೊಳ್ಳು ಕಣ್ಲಾ. ಮನೆ ಕೊಡಬ್ಯಾಡ.”

ಸೀನು ಮೊದಲು ನಕ್ಕ. “ಯಾಕ್ಲಾ, ಟೀ ಅಂಗಡಿ ಐಕ್ಳು ನಿನ್ ತಲೆ ತಿಂದವಾ?”

“ದೇವ್ರಾಣೆಗೂ. ಅವತ್ತು ಮುಖದಾಕ್ಷಿಣ್ಯಕ್ಕೆ ಮುಷ್ಟಿ ಕಟ್ಟಿದ್ದು. ನಿನ್ ಮಗಂಗೆ ಬಣ್ಣ ಹಿಡಿಯಕಿಲ್ಲ.”

ಸೀನುವಿನ ನಗು ನಿಂತಿತು. ದನಿ ತಣ್ಣಗಿತ್ತು. “ನೀನು ಹುಟ್ಟಿದಾಗಿಂದ ಯಾರ ಮುಖಾನೂ ನೋಡಿ ಮಾತಾಡ್ದೋನಲ್ಲ. ಅವತ್ತು ಆಡಿದ್ದೇ ನಿಜ. ಪೋಸ್ಟರ್‌ನಲ್ಲಿ ನನ್ ಹೆಸ್ರು ದಪ್ಪಕ್ಷರದಲ್ಲಿ ಬಂತಲ್ಲ, ಈಗ ಅದು ನಿಂಗೆ ಉರೀತಾ ಐತೆ. ಮನೆ ಮಾರೋ ಮಾತು ನೆನ್ನೇನೇ ಆಗೋಯ್ತು. ಹೋಗು, ಟೀ ಕುಡಿಯೋಗು.”

ಬಾಗಿಲಲ್ಲಿ ಲಿಖಿತ್ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವನು ಬೋರಣ್ಣನ ಮುಖ ನೋಡಲಿಲ್ಲ, ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಎರಡನೇ ಭಾಗದ ಮುಹೂರ್ತವಾಯಿತು. ಮುಹೂರ್ತ ಆದದ್ದಷ್ಟೇ ಎನ್ನಬೇಕು. ಅರ್ಧಕ್ಕೆ ಡೈರೆಕ್ಟರು ಫೋನ್ ಎತ್ತುವುದನ್ನು ಬಿಟ್ಟ. ಲಿಖಿತ್ ಗಡ್ಡ ಬೋಳಿಸಿ ಯಾರದೋ ಅಂಗಡಿಯಲ್ಲಿ ಸಿಮೆಂಟ್ ಮೂಟೆ ಇಳಿಸುವ ಕೆಲಸಕ್ಕೆ ಸೇರಿದ. ಅಪ್ಪ ಹಾಕಿಕೊಡಬೇಕೆಂದಿದ್ದ ಅಂಗಡಿಯಲ್ಲ ಅದು. ಸೀನುವಿನ ಮನೆಯ ಕಾಂಪೌಂಡಿನಲ್ಲಿ ಬೇರೆಯವರ ಕಾರು ನಿಂತಿತು. ಬಿಸಿಲಿಗೆ ಬಿಳಿಚಿಕೊಂಡ ಫ್ಲೆಕ್ಸನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಬೋರಣ್ಣ ಬಸ್ ಸ್ಟಾಪಿಗೆ ಸುತ್ತು ಬಳಸಿ ಹಿಂದಿನ ಬೀದಿಯಿಂದ ಹೋಗತೊಡಗಿದ.

ಒಂದು ಮಧ್ಯಾಹ್ನ ಅಮ್ಮಣ್ಣಿ ಬಂದು ಅಕ್ಕಯಮ್ಮನ ಹತ್ತಿರ ಕೇಳಿದಳು. “ಹಿಂದಿನ ಭಾಗ ಖಾಲಿ ಐತಂತಲ್ಲಕ್ಕ? ನಮಗೆ ಕೊಡ್ತೀರಾ? ಊರು ಬಿಟ್ಟೋಗಕ್ಕೆ ಇವ್ರಿಗೆ ಮನಸಿಲ್ಲ.” ಅಕ್ಕಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, ಕೇಳಬೇಕಾ ತಾಯಿ ಎಂದು ಬೀಗದ ಕೈ ಕೊಟ್ಟಳು.

ಸಾಮಾನು ಇಳಿಸಿದ ದಿನ ಸೀನು ಬಂದು ಜಗಲಿಯ ಅಂಚಿನಲ್ಲಿ ಕೂತ. ಇದೇ ಜಗಲಿಯ ಮೇಲೆ ಕಾಲು ಚಾಚಿ ಮಲಗುತ್ತಿದ್ದವನು ಈಗ ಬಾಡಿಗೆದಾರರು ಕೂರುವ ಹಾಗೆ ಕೂತಿದ್ದ.

“ಒಂದು ಮಾತು ಕೇಳ್ತೀನಿ, ಬೋರ. ಥೇಟ್ರು ಮುಂದೆ ಮುಷ್ಟಿ ಕಟ್ಟಿದ್ದು ನಿಜವೋ, ಮನೆಗೆ ಬಂದು ಹೇಳಿದ್ದು ನಿಜವೋ?”

“ಮನೇಲಿ ಹೇಳಿದ್ದು.”

ಸೀನು ತಲೆಯಾಡಿಸಿದ. “ಅವತ್ತೇ ಬರಿಗೈ ತೋರ್ಸಿದ್ರೆ ನಾನು ಅಲ್ಲೇ ನಿನ್ನ ಕಪಾಳಕ್ಕೆ ಬಾರಿಸ್ತಿದ್ದೆ ಕಣ್ಲಾ. ಆಮೇಲೆ ನಮ್ಮನೆಗೇ ಹೋಗಿ ಮಲಗ್ತಿದ್ದೆ.”

ಸೀನು ಮಂಡಿ ಹಿಡಿದುಕೊಂಡು ಎದ್ದು ಹಿಂದಿನ ಭಾಗಕ್ಕೆ ಹೋದ.

ಶುಕ್ರವಾರಗಳು ಈಗಲೂ ಬರುತ್ತವೆ, ಹೊಸ ಸಿನಿಮಾಗಳೂ ಬರುತ್ತವೆ. ಇಬ್ಬರೂ ಥಿಯೇಟರಿನ ಕಡೆ ತಲೆ ಹಾಕಿಲ್ಲ. ನೀಲಗಂಗಮ್ಮನ ಅಂಗಡಿಗೆ ಹೊಸದಾಗಿ ಬಂದವರು ಯಾರಾದರೂ, “ಅಂಕಲ್, ಮೊಬೈಲ್‌ನಲ್ಲಿ ಕೈ ಊದ್ತಿದ್ರಲ್ಲ, ಅದು ನೀವೇ ಅಲ್ವಾ? ಈ ವಾರದ್ದು ಹೇಗಿದೆ?” ಎಂದು ಕೇಳುವುದುಂಟು. ಬೋರಣ್ಣ ಬಿಸಿ ಗ್ಲಾಸನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಟೀ ಮುಗಿದ ಮೇಲೂ ಅದನ್ನು ಕೆಳಗಿಡುವುದಿಲ್ಲ.